ಖಾಲಿ, ನೀರು, ಖಾಲಿ

ಕಾತ್ಯಾಯಿನಿಯವರು ಕಿಟಕಿಗೆ ಹೊಡೆದಿದ್ದ ಕಪ್ಪು ಬಟ್ಟೆಯ ಕೊನೆಯ ಮೊಳೆಯನ್ನು ಕೀಳುತ್ತಿದ್ದಾಗ ಭಾವನಾ ಬಾಗಿಲಿಗೆ ಬಂದಳು.

"ಆಂಟಿ, ಬೇಡ! ಪ್ಲೀಸ್, ಡೋಂಟ್ ಟಚ್ ದಟ್!"

ಬಟ್ಟೆ ಕೆಳಗೆ ಬಿತ್ತು. ಫೆಬ್ರವರಿಯ ಬಿಸಿಲು ಕೋಣೆಯ ತುಂಬ ಹರಡಿತು. ಮೇಜಿನ ಮೇಲಿದ್ದ ಮರದ ಪೆಟ್ಟಿಗೆಯ ಮುಚ್ಚಳ ಆಗಲೇ ತೆರೆದಿತ್ತು. ಅದರೊಳಗೆ ಹೆಬ್ಬೆರಳು ದಪ್ಪದ ಗಾಜಿನ ಟ್ಯೂಬೊಂದು ಹೊಳೆಯುತ್ತಿತ್ತು.

"ಯಾಕಮ್ಮಾ ಹಂಗೆ ಕೂಗ್ತೀಯ? ಇನ್ನರ್ಧ ಗಂಟೇಲಿ ನಿಮ್ಮಪ್ಪನ್ನ ಆಸ್ಪತ್ರೆಯಿಂದ ತರ್ತಾರೆ. ಜೀವ ಹೋದ ಜಾಗದಲ್ಲಿ ದೀಪ ಇಡ್ಬೇಕು. ಸಾವಾದ ಮನೇಲಿ ಯಾರಾದ್ರೂ ಕಪ್ಪು ಬಟ್ಟೆ ಕಟ್ಕೊಂಡಿರ್ತಾರಾ?"

"ಪೆಟ್ಟಿಗೆ ಯಾಕೆ ತೆಗೆದ್ರಿ?"

"ಅದಕ್ಕೂ ಕಪ್ಪು ಮಖಮಲ್ಲು ಸುತ್ತಿತ್ತು. ಎಳೆದೆ. ಮುಚ್ಚಳಾನೂ ಜೊತೇಲೇ ಬಂತು."

ಭಾವನಾ ಓಡಿ ಹೋಗಿ ಮುಚ್ಚಳ ಹಾಕಿದಳು. ಹಾಕಿ ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತಿತ್ತು. ಕತ್ತಲಲ್ಲಿ ಬೆಳಕಿನ ಒಂದೊಂದು ಕಣವನ್ನೂ ಬಿಡಿಯಾಗಿ ಎಣಿಸುವ ಟ್ಯೂಬು ಅದು. ಒಮ್ಮೆ ಬಿಸಿಲು ಕಂಡಿತೆಂದರೆ ಗಂಟೆಗಟ್ಟಲೆ ಇಲ್ಲದ ಬೆಳಕನ್ನು ಎಣಿಸುತ್ತಲೇ ಇರುತ್ತದೆ. ಸುಮ್ಮನಾಗಲು ಒಂದಿಡೀ ದಿನದ ಕತ್ತಲೆ ಬೇಕು. ಕೊರಿಯರ್ ಬರುವುದು ಇವತ್ತು ನಾಲ್ಕು ಗಂಟೆಗೆ.

ಇನ್ನೊಂದು ವಿಷಯ ನೆನಪಾಯಿತು. ಟ್ಯೂಬಿಗೆ ಸಾವಿರ ವೋಲ್ಟು ಕೊಟ್ಟಿದ್ದಾಗ ಬಿಸಿಲು ಬಿದ್ದಿದ್ದರೆ ಅದು ಸುಟ್ಟೇ ಹೋಗಿರುತ್ತದೆ. ಬಗ್ಗಿ ವೋಲ್ಟೇಜಿನ ತಿರುಪು ನೋಡಿದಳು. ಸೊನ್ನೆಯಲ್ಲಿತ್ತು.

"ಯಾರು ಆಫ್ ಮಾಡಿದ್ದು?"

"ನಾನು." ಅವಳ ತಾಯಿ ನಿರುಪಮಾ ಬಾಗಿಲಲ್ಲಿ ನಿಂತಿದ್ದರು. "ಮಂಗಳವಾರ ಕಾಫಿಗೆ ಕರೆದೆ. ಓಗೊಡಲಿಲ್ಲ. ಒಳಗೆ ಬಂದ್ರೆ ಕತ್ತಲಲ್ಲಿ ಕುರ್ಚಿ ಮೇಲೆ ತಲೆ ವಾಲಿತ್ತು. ಮೊದಲು ಇದನ್ನ ಸೊನ್ನೆಗೆ ತಿರುಗಿಸಿದೆ. ಆಮೇಲೆ ಲೈಟ್ ಹಾಕಿದೆ. ಆಮೇಲೇ ಅವರ ಕೈ ಮುಟ್ಟಿದ್ದು." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನಲವತ್ತು ವರ್ಷದ ಅಭ್ಯಾಸ ನೋಡು. ಯಾರಿಗೂ ಹೇಳಿಲ್ಲ ಇದನ್ನ."

ಹೊರಗೆ ಗೇಟು ತೆರೆದ ಸದ್ದಾಯಿತು.

*

ಸೂರ್ಯನಾರಾಯಣರು ನೈರೋಬಿಯ ಒಂದು ಕಾಲೇಜಿನಲ್ಲಿ ಮೂವತ್ತೆಂಟು ವರ್ಷ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಂಡವರು. ಒಂದೂ ಪ್ರಬಂಧ ಬರೆಯಲಿಲ್ಲ. ಬೇರೆಯವರ ಪ್ರಬಂಧಗಳಿಗೆ ಬೇಕಾದ ಉಪಕರಣಗಳನ್ನು ರಿಪೇರಿ ಮಾಡಿದರು. ನಿವೃತ್ತರಾದ ಮೇಲೆ ಲಂಗಾಟಾದ ಮನೆಯ ಹಿಂದಿನ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಹೊಡೆದರು. ಅಲ್ಲಿಯೇ ಹೋದರು.

ಅವರನ್ನು ಈಗ ಅಂಗಳದಲ್ಲಿ ಮಲಗಿಸಿದ್ದರು. ಸುಮಾರು ಮೂವತ್ತು ಜನ ಸೇರಿದ್ದರು. ಡಾಕ್ಟರ್ ಡೆಂಜಿಲ್ ತಲೆಯ ಬಳಿ ಮಡಚುವ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಮಂಗಳೂರು ಕಡೆಯವರು, ಸತ್ತವರ ಇಸ್ಪೀಟಿನ ಜೊತೆಗಾರ.

"ಮೂವತ್ತೈದು ವರ್ಷ ಇವನೊಟ್ಟಿಗೆ ಆಡಿದ್ದೇನೆ ಮಾರಾಯ. ಗೆದ್ದ ಮೇಲೂ ಎಲೆಗಳನ್ನು ಇನ್ನೊಮ್ಮೆ ಎಣಿಸುವ ಮನುಷ್ಯ ಇವನೊಬ್ಬನೇ."

"ನಮ್ಮನೇಲಿ ವೈಫೈ ಸರಿ ಇಲ್ಲ ಅಂದಿದ್ದಕ್ಕೆ ಮೂರು ರೂಮಲ್ಲೂ ಮೂರ್ಮೂರು ಸಲ ಅಳೆದ್ರು ಡಾಕ್ಟ್ರೇ," ಎಂದ ಪಕ್ಕದ ಮನೆಯ ಯೋಗೀಶ. ಬೆಂಗಳೂರಿನ ಟೆಲಿಕಾಂ ಕಂಪನಿಯಿಂದ ಎರಡು ವರ್ಷದ ಕೆಲಸಕ್ಕೆ ಬಂದವನು. "ಆಮೇಲೆ ಕೂರಿಸ್ಕೊಂಡು ಮೆಲ್ಲಗೆ ಹೇಳಿದ್ರು, ಆಂಟೆನಾ ತಲೆಕೆಳಗಾಗಿ ಇಟ್ಟಿದೀಯಪ್ಪಾ ಅಂತ."

"ಇಟ್ಟಿದ್ದೆಯಾ?"

"ಇಟ್ಟಿದ್ದೆ."

ಡೆಂಜಿಲ್ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ಭುಜ ಕುಲುಕಿದ್ದು ನಗುವಿಗೋ ಅಳುವಿಗೋ ಅವರಿಗೇ ಗೊತ್ತಿರಲಿಲ್ಲ.

ಬೆಂಕಿ ಯಾರು ಇಡಬೇಕು ಎಂದು ಯಾರೋ ಪಿಸುಗುಟ್ಟಿದರು. ಕಾತ್ಯಾಯಿನಿಯವರು ತಿರುಗಿ ನೋಡಿದರು. ನೈರೋಬಿಯ ಕನ್ನಡದ ಮನೆಗಳಲ್ಲಿ ಹುಟ್ಟಿಗೂ ಸಾವಿಗೂ ಶಾಸ್ತ್ರ ಹೇಳುವವರು ಅವರೇ. "ಇರೋಳು ಒಬ್ಬಳೇ ಮಗಳು. ಅವಳೇ ಇಡ್ತಾಳೆ. ಯಾರಿಗಾದ್ರೂ ತೊಂದ್ರೆ ಇದ್ರೆ ನನ್ನ ಹತ್ರ ಬಂದು ಮಾತಾಡಿ." ಯಾರೂ ಬರಲಿಲ್ಲ.

ಭಾವನಾ ಅಪ್ಪನ ಪಾದದ ಬಳಿ ನಿಂತಿದ್ದಳು. ಅಳಬೇಕಾದ ಹೊತ್ತಿನಲ್ಲಿ ತಲೆಯೊಳಗೆ ಗಡಿಯಾರ ಓಡುತ್ತಿರುವುದಕ್ಕೆ ಅವಳಿಗೆ ನಾಚಿಕೆಯಾಯಿತು. ಬೋರ್‌ವೆಲ್, ಟ್ಯಾಂಕರ್ ನೀರನ್ನು ಪರೀಕ್ಷಿಸುವ ಸಣ್ಣ ತಂಡವೊಂದರಲ್ಲಿ ಅವಳ ಕೆಲಸ. ನೀರು ತಂದು ಬೆಚ್ಚಗಿಟ್ಟು ಎರಡು ದಿನ ಕಾದರೆ ಅದರಲ್ಲಿ ಏನು ಬೆಳೆಯಿತೆಂದು ತಿಳಿಯುತ್ತದೆ. ಅಷ್ಟರಲ್ಲಿ ಊರವರು ಆ ನೀರು ಕುಡಿದು ಮುಗಿಸಿರುತ್ತಾರೆ. ಮಿಂಚುಹುಳದ ಕಿಣ್ವ ಹಾಕಿದರೆ ಹತ್ತೇ ನಿಮಿಷ. ನೀರಿನಲ್ಲಿ ಜೀವಾಣುಗಳಿದ್ದರೆ ಅದು ಮಿನುಗುತ್ತದೆ. ಯಾವ ಜೀವಾಣು ಎಂದು ಹೇಳದು, ಹೆಚ್ಚೋ ಕಡಿಮೆಯೋ ಎಂದು ಹೇಳುತ್ತದೆ. ಮೊದಲ ಎಚ್ಚರಿಕೆಗೆ ಅಷ್ಟು ಸಾಕು. ಆದರೆ ಆ ಮಿನುಗು ಕಣ್ಣಿಗೆ ಕಾಣುವಂಥದ್ದಲ್ಲ.

ಅದನ್ನು ಕಾಣಲು ಕಂಪನಿಯೊಂದು ಎರಡು ಉಪಕರಣಗಳನ್ನು ಹದಿನೈದು ದಿನದ ಪರೀಕ್ಷೆಗೆ ಕೊಟ್ಟಿತ್ತು. ಒಂದು ಗಾಜಿನ ಟ್ಯೂಬು, ಇನ್ನೊಂದು ಉಗುರಿಗಿಂತ ಚಿಕ್ಕದಾದ ಸಿಲಿಕಾನ್ ಚಿಪ್ಪು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಇವತ್ತು ವಾಪಸು ಕಳಿಸಬೇಕು. ಇಟ್ಟುಕೊಂಡದ್ದು ಸೋಮವಾರ ವ್ಯಾನಿನಲ್ಲಿ ಕಿಟುಯಿ ಕಡೆಯ ಹಳ್ಳಿಗಳಿಗೆ ಹೋಗುತ್ತದೆ. ಆಯ್ಕೆ ತಪ್ಪಿದರೆ ಈ ಬೇಸಿಗೆಯ ಸುತ್ತಾಟ ಪೂರ್ತಿ ವ್ಯರ್ಥ.

ಯಾವುದೆಂದು ಅಪ್ಪ ಹೇಳಬೇಕಿತ್ತು.

*

ಎರಡು ವಾರದ ಹಿಂದೆ ಪೆಟ್ಟಿಗೆಗಳು ಬಂದ ದಿನ ಸೂರ್ಯನಾರಾಯಣರು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುಳಿತಿದ್ದರು.

"ಎರಡರಲ್ಲಿ ಯಾವುದು ಬೆಟರ್ ಅಪ್ಪಾ?"

"ಯಾವುದಕ್ಕೆ?"

"ಫಾರ್ ವೀಕ್ ಲೈಟ್. ವೆರಿ, ವೆರಿ ವೀಕ್."

"ಯಾವ ಬಣ್ಣದ್ದು?"

"ಹಳದಿ-ಹಸಿರು. ವೈ ಡಸ್ ಇಟ್ ಮ್ಯಾಟರ್?"

ಅವರಿಗೆ ಖುಷಿಯಾಯಿತು. ಕುರ್ಚಿಯನ್ನು ಮುಂದೆ ಎಳೆದುಕೊಂಡರು. "ಟ್ಯೂಬಿಗೆ ನೀಲಿ ಅಂದ್ರೆ ಇಷ್ಟ. ಹಳದಿ-ಹಸಿರು ನೂರು ಕಣ ಬಂದ್ರೆ ಹತ್ತು ಹಿಡಿಯತ್ತೆ. ಚಿಪ್ಪು ನಲವತ್ತು ಹಿಡೀಬಹುದು. ಆದ್ರೆ ಚಿಪ್ಪು ಬಾಯಿಬಡುಕ. ಕತ್ತಲಲ್ಲೂ ಸುಮ್ಮನಿರಲ್ಲ. ಬಿಸಿ ಏರಿದಷ್ಟೂ ಅದರ ಗಲಾಟೆ ಜಾಸ್ತಿ. ಆ ಗಲಾಟೇಲಿ ನಿನ್ನ ನಲವತ್ತು ಕಣ ಕೇಳಿಸಬೇಕಲ್ಲ?"

"ಸೋ, ಟ್ಯೂಬ್."

"ಅಳೀದೇ ಹೇಳ್ಬಿಡ್ಲಾ?"

ಅವರು ಟ್ಯೂಬನ್ನು ಬರಿಗೈಯಲ್ಲಿ ಮುಟ್ಟಲಿಲ್ಲ. ತೊಳೆದ ಕರವಸ್ತ್ರದಲ್ಲಿ ಎತ್ತಿ, ಕಿಟಕಿಗೆ ಬೆನ್ನು ಮಾಡಿ, ತಮ್ಮ ನೆರಳಿನಲ್ಲೇ ಅದನ್ನು ಪೆಟ್ಟಿಗೆಗೆ ಇಳಿಸಿದರು. ಭಾವನಾ ಅದನ್ನು ನೋಡಿದಳು. ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಳು: ಅಪ್ಪನ ಆಯ್ಕೆ ಟ್ಯೂಬು.

ಸೋಮವಾರ ಸಂಜೆ ಫೋನಿನಲ್ಲಿ, "ಟ್ಯೂಬಿನ ಒಂಬತ್ತು ದಿನದ ಲೆಕ್ಕ ಮುಗೀತು. ಬಂಗಾರದಂಥದ್ದು. ನಾಳೆ ಅದನ್ನ ಇನ್ನೊಂದು ಸಲ ನೋಡಿ, ಚಿಪ್ಪು ಶುರು ಮಾಡ್ತೀನಿ," ಎಂದಿದ್ದರು.

*

ಕರಿಯೋಕೋರ್‌ನ ಸ್ಮಶಾನದಿಂದ ಮರಳಿ, ಎಲ್ಲರೂ ಸ್ನಾನ ಮುಗಿಸುವ ಹೊತ್ತಿಗೆ ಒಂದೂವರೆ ಗಂಟೆ. ಹಿಂದಿನ ಕೋಣೆಯಲ್ಲಿ ಕಾತ್ಯಾಯಿನಿಯವರು ದೀಪ ಹಚ್ಚಿದ್ದರು. ಹದಿಮೂರು ದಿನ ಆರಬಾರದು.

ಭಾವನಾ ಮುಚ್ಚಿದ ಪೆಟ್ಟಿಗೆಯಲ್ಲೇ ಟ್ಯೂಬಿಗೆ ವೋಲ್ಟೇಜು ಕೊಟ್ಟಳು. ಒಳಗೆ ಏನೂ ಇಲ್ಲದಾಗ ಅದು ಎಣಿಸಬೇಕಾದದ್ದು ಸೆಕೆಂಡಿಗೆ ಮೂವತ್ತೊಂದು. ಪರದೆಯ ಮೇಲೆ ಬಂದದ್ದು ಐದು ಸಾವಿರದ ಒಂಬೈನೂರು.

ಎರಡು ಗಂಟೆಗೆ ನೋಡಿದಾಗ ನಾಲ್ಕು ಸಾವಿರದ ಇನ್ನೂರು.

"ಇಳೀತಾ ಇದೆ ಅಲ್ವಾ?" ಎಂದ ಯೋಗೀಶ. ಈ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ತನ್ನ ಮನೆಯಿಂದ ಅನ್ನ, ಸಾರು ತಂದಿದ್ದ. ಕೈಯಲ್ಲಿ ಇನ್ನೂ ಸೌಟು ಇತ್ತು.

"ನಾಲ್ಕು ಗಂಟೆಗೆ ಸರಿಹೋಗಲ್ಲ. ನಾಳೆಗೆ ಸರಿಹೋಗತ್ತೆ. ಇಟ್ಸ್ ಓಕೆ. ಐ ಆಮ್ ಕೀಪಿಂಗ್ ದ ಟ್ಯೂಬ್. ಅಪ್ಪಂಗೆ ಅದೇ ಇಷ್ಟ ಇದ್ದಿದ್ದು."

"ಅವರು ಹಾಗಂದ್ರಾ?" ಎಂದರು ನಿರುಪಮಾ.

"ಹೇಳಬೇಕಾಗಿರಲಿಲ್ಲ ಅಮ್ಮಾ."

ಕಾತ್ಯಾಯಿನಿಯವರು ಬತ್ತಿ ಸರಿಮಾಡುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಬೆಳಿಗ್ಗೆಯಿಂದ ಅವರ ಮುಖ ಬಾಡಿತ್ತು. "ನಾನೇ ಹಾಳು ಮಾಡಿದ್ದು ಅಲ್ವೇನೇ?"

"ಇಲ್ಲ ಆಂಟಿ. ಒಂದು ದಿನ ಕತ್ತಲಲ್ಲಿಟ್ರೆ ಸಾಕು."

"ನಿಮ್ಮ ವ್ಯಾನಲ್ಲಿ ಇದರ ಮುಚ್ಚಳ ತೆಗೆಯೋರು ಯಾರು?"

"ಅಲ್ಲಿಯ ವಾಟರ್ ಕಮಿಟಿಯವರು. ಟ್ರೇನಿಂಗ್ ಕೊಡ್ತೀವಿ."

"ಕೊಡಿ. ಆದ್ರೂ ನನ್ನಂಥೋಳು ಅಲ್ಲೂ ಒಬ್ಬಳು ಇದ್ದೇ ಇರ್ತಾಳೆ. ಅಡ್ಡ ಇದೆ ಅಂತ ಎತ್ತಿಡ್ತಾಳೆ, ಧೂಳು ಅಂತ ಒರೆಸ್ತಾಳೆ. ಅವತ್ತು ಇಡೀ ದಿನ ನೀರು ನೋಡೋ ಹಾಗಿಲ್ಲ, ಹೌದಾ?"

ಭಾವನಾ ತೆರೆದ ಕಿಟಕಿಯತ್ತ ನೋಡಿದಳು. ಕಿಟುಯಿಯ ದಾರಿ ಕಣ್ಣಿಗೆ ಬಂತು. ಕುಲುಕುವ ವ್ಯಾನು, ಹಿಂಬಾಗಿಲಿನಿಂದ ನುಗ್ಗುವ ಬಿಸಿಲು, ಸುತ್ತ ಹತ್ತು ಜನರ ಕೈಗಳು. ಟ್ಯೂಬಿನ ಲೆಕ್ಕ ಬಂಗಾರದಂಥದ್ದು ನಿಜ. ಕಿಟಕಿಗೆ ಬಟ್ಟೆ ಹೊಡೆದ ಕೋಣೆಯಲ್ಲಿ, ಸೂರ್ಯನಾರಾಯಣರ ಕೈಯಲ್ಲಿ.

ಅವಳು ಅಪ್ಪನ ಟಿಪ್ಪಣಿ ಪುಸ್ತಕ ಎಳೆದುಕೊಂಡಳು. ಚಿಪ್ಪಿನ ಪುಟದಲ್ಲಿ ತಲೆಬರಹ, ಮಂಗಳವಾರದ ದಿನಾಂಕ. ಕೆಳಗೆಲ್ಲ ಖಾಲಿ.

"ಟೈಮ್ ಎಷ್ಟು?"

"ಎರಡು ಹತ್ತು," ಎಂದ ಯೋಗೀಶ.

"ಮಾಡಬಹುದು. ಆದರೆ ಈ ಕೋಣೆ ಇಪ್ಪತ್ತನಾಲ್ಕು ಡಿಗ್ರಿ ಇದೆ. ಚಿಪ್ಪನ್ನ ತಣ್ಣಗೆ ಮಾಡಬೇಕು. ಐಸ್ ಬೇಕು, ಮಂಜು ಕೂರಬಾರದು..."

"ನನ್ನ ಕಾರಿನಲ್ಲಿ ಲಸಿಕೆಯ ಡಬ್ಬಿ ಉಂಟು," ಎಂದು ಡೆಂಜಿಲ್ ಎದ್ದು ನಿಂತರು. ಎಪ್ಪತ್ತೆರಡರ ಮಂಡಿ ಲಟಕ್ಕೆಂದಿತು. "ನಾಲ್ಕು ಐಸು ಚೀಲ. ನಿನ್ನೆ ಕ್ಯಾಂಪಿಗೆ ಹೋಗುವುದಿತ್ತು, ಇವನಿಂದ ತಪ್ಪಿತು. ಖಾಲಿ ಡಬ್ಬಿ, ಆದರೆ ಚೀಲಗಳನ್ನು ಬೆಳಿಗ್ಗೆ ಫ್ರೀಜರಿನಿಂದ ತೆಗೆದು ಹಾಕಿಯೇ ಹೊರಟೆ. ಅಭ್ಯಾಸ."

"ಮಂಜಿಗೆ ಸಿಲಿಕಾ ಜೆಲ್!" ಯೋಗೀಶ ಸೌಟನ್ನು ಕಾತ್ಯಾಯಿನಿಯವರ ಕೈಗೆ ಕೊಟ್ಟು ಓಡಿದ. "ನನ್ನ ಶೂ ಡಬ್ಬಿಗಳಲ್ಲಿ ಹತ್ತು ಪ್ಯಾಕೆಟ್ ಇದೆ!"

ನಿರುಪಮಾ ಫ್ರಿಜ್ಜಿನಲ್ಲಿ ಮೊಟ್ಟೆ ಇಡುವ ತಟ್ಟೆಯಿಂದ ಕಿಣ್ವದ ಸೀಸೆಗಳನ್ನು ತಂದರು. ಆ ತಟ್ಟೆ ಮೊಟ್ಟೆಯನ್ನೊಂದು ಬಿಟ್ಟು ಎಲ್ಲವನ್ನೂ ಕಂಡಿತ್ತು. ಆಮೇಲೆ ಅವರು ಒಂದು ಮಣೆ, ಟಿಪ್ಪಣಿ ಪುಸ್ತಕ, ಪೆನ್ನು ತೆಗೆದುಕೊಂಡು ಹೋಗಿ ಕೋಣೆಯ ಹೊರಗೆ, ಬಾಗಿಲ ಪಕ್ಕದಲ್ಲಿ ಕುಳಿತರು.

"ನೀನು ಓದು, ನಾನು ಬರ್ಕೋತೀನಿ."

ಭಾವನಾ ತಾಯಿಯನ್ನು ನೋಡಿದಳು. ಪುಸ್ತಕದ ಹಿಂದಿನ ಪುಟಗಳನ್ನು ನೋಡಿದಳು. ಒಂಬತ್ತು ದಿನದ ದುಂಡನೆಯ, ಒತ್ತೊತ್ತಾದ ಅಂಕಿಗಳು. ಚಿಕ್ಕಂದಿನಿಂದ ಅದನ್ನು ಅಪ್ಪನ ಅಕ್ಷರವೆಂದೇ ತಿಳಿದಿದ್ದಳು.

*

ನಿರುಪಮಾ ಮದುವೆಯಾಗಿ ಮೈಸೂರಿನಿಂದ ಬಂದು ಮೂರು ತಿಂಗಳಾಗಿತ್ತು. ಕಾಲೇಜಿನ ಕತ್ತಲೆ ಕೋಣೆಯಲ್ಲಿ ಗಂಡ ಏನೋ ಅಳೆಯುತ್ತಿದ್ದರೆ ಇವರು ಹೊರಗೆ ಕಾಯುತ್ತಿದ್ದರು. ಒಮ್ಮೆ ಒಳಗಿನಿಂದ ದನಿ ಬಂತು: "ಇಲ್ಲಿ ಬರೆಯೋಕೆ ಕಾಣಲ್ಲ. ನಲವತ್ತೇಳು ಅಂತ ನೆನಪಿಟ್ಕೋತೀಯಾ?"

"ಬರ್ದಿಟ್ಟೆ," ಎಂದರು ಇವರು. ಬಸ್ ಟಿಕೆಟ್ಟಿನ ಹಿಂದೆ.

"ಗಂಟೆ?"

"ಹನ್ನೊಂದು ಇಪ್ಪತ್ತು. ಸೆಕೆ ಎಷ್ಟಿದೆ, ಅದೂ ಬರೀಲಾ?"

"ಬರೀ," ಎಂದ ದನಿಯಲ್ಲಿ ಅಚ್ಚರಿಯಿತ್ತು. ಮರುದಿನ ಅವರು ಹೆಂಡತಿಗೆಂದು ತಂದದ್ದು ಹೂವಲ್ಲ, ಒಂದು ಉಷ್ಣಮಾಪಕ.

*

"ಅಮ್ಮಾ, ಒಳಗೇ ಬಾ. ಇವತ್ತು ಕತ್ತಲೆ ಬೇಕಿಲ್ಲ."

ನಿರುಪಮಾ ಮಣೆ ಎತ್ತಿಕೊಂಡು ಒಳಗೆ ಬಂದರು. ಅಳೆಯುವ ಹೊತ್ತಿನಲ್ಲಿ ಅವರು ಈ ಕೋಣೆಯೊಳಗೆ ಕುಳಿತದ್ದು ಅದೇ ಮೊದಲು. ಎಲ್ಲಿ ಕೂರಬೇಕೆಂದು ತಿಳಿಯದೆ ಒಂದು ಕ್ಷಣ ನಿಂತರು.

ಚಿಪ್ಪಿದ್ದ ತಗಡಿನ ಡಬ್ಬಿಯನ್ನು ಐಸು ಚೀಲಗಳ ನಡುವೆ ಕೂರಿಸಿದರು. ಯೋಗೀಶ ಪರದೆಯ ಮುಂದೆ ಬಗ್ಗಿದ.

"ಅರವತ್ತೆಂಟು ಸಾವಿರ!"

"ಏನೂ ಇಲ್ಲದೆ?" ಎಂದರು ಕಾತ್ಯಾಯಿನಿ. "ಇದೆಂಥ ಬಾಯಿಬಡುಕ!"

"ನಲವತ್ತೊಂದು... ಮೂವತ್ತು... ಇಪ್ಪತ್ತಾರು ಸಾವಿರ, ಇಳೀತಾ ಇದೆ ಡಾಕ್ಟ್ರೇ, ವಿಕೆಟ್ ಬೀಳ್ತಾ ಇದೆ!"

"ಮೆಲ್ಲಗೆ ಮಾರಾಯ, ಸಾವಿನ ಮನೆ."

"ಸಾರಿ. ಹತ್ತೊಂಬತ್ತು ಸಾವಿರ." ಪಿಸುಮಾತಿನಲ್ಲೂ ಅದೇ ಉತ್ಸಾಹ.

ಮೂರು ಗಂಟೆ ಐದು ನಿಮಿಷಕ್ಕೆ, ನಾಲ್ಕು ಡಿಗ್ರಿಯಲ್ಲಿ, ಅಂಕಿ ಹದಿನಾಲ್ಕು ಸಾವಿರದ ಆಸುಪಾಸಿನಲ್ಲಿ ನಿಂತಿತು. ಟ್ಯೂಬಿನ ಮೂವತ್ತೊಂದರ ಮುಂದೆ ಇದು ಸಂತೆ. ಆದರೆ ಭಾವನಾ ಈಗ ಗದ್ದಲದ ಗಾತ್ರ ನೋಡುತ್ತಿರಲಿಲ್ಲ, ಅದು ಎಷ್ಟು ಸಮನಾಗಿದೆ ಎಂದು ನೋಡುತ್ತಿದ್ದಳು. ಸಮನಾದ ಗದ್ದಲವನ್ನು ಕಳೆದುಬಿಡಬಹುದು.

"ಮೊದಲು ಖಾಲಿ," ಎಂದರು ನಿರುಪಮಾ, ಪುಸ್ತಕದಿಂದ ತಲೆಯೆತ್ತದೆ. "ಆಮೇಲೆ ನೀರು. ಮತ್ತೆ ಖಾಲಿ. ಎರಡು ಖಾಲಿ ಹೆಚ್ಚುಕಮ್ಮಿ ಒಂದೇ ಬಂದರೆ ಮಾತ್ರ ನಡುವಿನದನ್ನ ನಂಬಬೇಕು. ಮೂರು ಸಲ."

ಖಾಲಿ ಎಂದರೆ ಕಾಯಿಸಿ ಆರಿಸಿದ ಶುದ್ಧ ನೀರು, ಕಿಣ್ವದೊಂದಿಗೆ. ನೂರು ಸೆಕೆಂಡು ಎಣಿಸಿ ಸರಾಸರಿ ತೆಗೆದರು. ಹದಿನಾಲ್ಕು ಸಾವಿರದ ಇನ್ನೂರ ಹತ್ತು.

"ಈಗ ಯಾವ ನೀರು ಹಾಕೋದು?"

"ಮಾಡಿನ ಟ್ಯಾಂಕಿಂದು," ಎಂದರು ನಿರುಪಮಾ. "ಈಗ ತಾನೇ ಎಲ್ಲ ಸ್ನಾನ ಮಾಡಿದ್ವಲ್ಲ, ಅದೇ."

ಭಾವನಾ ಚಿಪ್ಪನ್ನು ಆಫ್ ಮಾಡಿ, ಮುಚ್ಚಳ ತೆಗೆದು ಸೀಸೆ ಬದಲಿಸಿ, ಮುಚ್ಚಿ, ಮತ್ತೆ ಆನ್ ಮಾಡಿದಳು. ನೂರು ಸೆಕೆಂಡು. ದೀಪದ ಬತ್ತಿ ಒಮ್ಮೆ ಚಟಪಟವೆಂದಿತು.

"ಹದಿನಾರು ಸಾವಿರದ ಒಂಬೈನೂರ ಐವತ್ತು." ಓದುತ್ತಲೇ ಅವಳು ತುದಿಗಾಲಲ್ಲಿ ನಿಂತಳು.

"ಕುಣೀಬೇಡ. ಖಾಲಿ ನೋಡು."

ಖಾಲಿ: ಹದಿನಾಲ್ಕು ಸಾವಿರದ ನೂರ ತೊಂಬತ್ತು.

"ಇಟ್ ಸೀಸ್ ಇಟ್! ಅಮ್ಮಾ, ಕಾಣ್ತಾ ಇದೆ ಅದಕ್ಕೆ! ಟ್ಯೂಬಲ್ಲಿ ಇದೇ ಟ್ಯಾಂಕಿಗೆ ಅಪ್ಪಂಗೆ ಎಷ್ಟು ಬಂದಿತ್ತು?"

ನಿರುಪಮಾ ಪುಟ ತಿರುಗಿಸಿದರು. "ಖಾಲಿ ಕಳೆದು ಆರ್ನೂರ ಎಂಬತ್ತು."

"ಇಲ್ಲಿ ಎರಡು ಸಾವಿರದ ಏಳ್ನೂರ ಐವತ್ತು. ನಾಲ್ಕು ಪಾಲು! ಹತ್ತಕ್ಕೆ ನಲವತ್ತು. ಅಪ್ಪ ಹೇಳಿದ ಹಾಗೇ!"

ಎರಡನೆಯ ಸುತ್ತೂ ಹಾಗೆಯೇ ಬಂತು. ಮೂರನೆಯ ಸುತ್ತಿನ ನಡುವೆ ಗೇಟಿನಲ್ಲಿ ಮೋಟರ್‌ಬೈಕಿನ ಹಾರನ್ ಕೇಳಿಸಿತು. ಮೂರು ಐವತ್ತು.

"ಸಾಕು ಅಮ್ಮಾ, ಗೊತ್ತಾಯ್ತಲ್ಲ."

"ಮೂರು ಅಂದ್ರೆ ಮೂರು," ಎಂದರು ನಿರುಪಮಾ. ಡೆಂಜಿಲ್ ಕೊರಿಯರನ್ನು ತಡೆಯಲು ಹೊರಟರು. ಖಾಲಿ, ನೀರು, ಖಾಲಿ. ನಿರುಪಮಾ ಬರೆದು, ಅಡಿಗೆರೆ ಎಳೆದರು.

ಭಾವನಾ ಇದ್ದಕ್ಕಿದ್ದಂತೆ ತಿರುಗಿದಳು. "ಆಂಟಿ, ಇನ್ನೊಂದು ಟೆಸ್ಟ್ ಇದೆ. ಅದನ್ನ ನೀವೇ ಮಾಡಬೇಕು. ಆಫ್ ಮಾಡಲ್ಲ ನಾನು. ಮುಚ್ಚಳ ತೆಗೀರಿ."

"ನಾನಾ? ಬೇಡಪ್ಪಾ. ಒಂದು ಸಲ ತೆಗೆದಿದ್ದೇ ಸಾಕು."

"ಬೆಳಿಗ್ಗೆ ತೆಗೆದ ಹಾಗೇ ತೆಗೀರಿ."

ಕಾತ್ಯಾಯಿನಿಯವರು ಸೌಟನ್ನು ಕೆಳಗಿಟ್ಟರು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಣ್ಣು ಮುಚ್ಚಿಕೊಂಡು ಮುಚ್ಚಳವನ್ನು ಎತ್ತಿದರು. ಬಿಸಿಲು ಡಬ್ಬಿಯೊಳಕ್ಕೆ ಬಿತ್ತು. ಪರದೆಯ ಮೇಲಿನ ಅಂಕಿ ಹುಚ್ಚೆದ್ದು ಓಡಿ, ಎಣಿಸಲಾರದೆ ನಿಂತುಬಿಟ್ಟಿತು.

"ಅಯ್ಯೋ ಹೋಯ್ತು!"

"ಮುಚ್ಚಿ. ಈಗ ಮುಚ್ಚಿ."

ಮುಚ್ಚಿದರು. ಯೋಗೀಶ ಉಸಿರು ಹಿಡಿದುಕೊಂಡು ಓದಿದ. "ಹದಿನೈದು ಸಾವಿರ... ಹದಿನಾಲ್ಕು ಸಾವಿರದ ಏಳ್ನೂರು... ಹದಿನಾಲ್ಕು ಸಾವಿರದ ಇನ್ನೂರು." ಒಂದು ನಿಮಿಷವೂ ಆಗಿರಲಿಲ್ಲ. "ಇನ್ನೂರು! ಇನ್ನೂರರಲ್ಲೇ ನಿಂತಿದೆ!"

"ನಾನು ತೆಗೆದ್ರೂ ಏನೂ ಆಗ್ಲಿಲ್ಲ!" ಎಂದು ಕಾತ್ಯಾಯಿನಿಯವರು ಕೂಗಿದರು. ಮೆಲ್ಲಗೆ ಎನ್ನಲು ಡೆಂಜಿಲ್ ಅಲ್ಲಿರಲಿಲ್ಲ.

ಭಾವನಾ ಟ್ಯೂಬನ್ನು ಕರವಸ್ತ್ರದಲ್ಲಿ ಎತ್ತಿ ಕಂಪನಿಯ ಪೆಟ್ಟಿಗೆಗೆ ಇಳಿಸಿದಳು. ಕೈ ಒಂದು ಕ್ಷಣ ತಡೆಯಿತು. ಆಮೇಲೆ ಟೇಪು ಅಂಟಿಸಿದಳು.

ಕೊರಿಯರ್ ಹೆಂಗಸು ಗೇಟಿನಲ್ಲೇ ಹೆಲ್ಮೆಟ್ ತೆಗೆದು ನಿಂತಿದ್ದಳು. "ಪೋಲೆ ಸಾನಾ, ಮಮಾ," ಎಂದು ಸ್ವಾಹಿಲಿಯಲ್ಲಿ ಸಂತಾಪ ಹೇಳಿ ನಿರುಪಮಾಗೆ ತಲೆಬಾಗಿಸಿದಳು.

"ಅಸಾಂಟೆ," ಎಂದು ವಂದಿಸಿದರು ನಿರುಪಮಾ. ಟ್ಯೂಬಿನ ಪೆಟ್ಟಿಗೆ ಹೊತ್ತ ಬೈಕು ತಿರುವಿನಲ್ಲಿ ಮರೆಯಾಗುವ ತನಕ ನೋಡಿದರು. "ಅವರು ಇದ್ದಿದ್ರೆ," ಎಂದರು ಆಮೇಲೆ, "ನಾಲ್ಕನೇ ಸಲ ನೋಡೋಣ ಅಂತಿದ್ರು." ಆಗ ಅವರಿಗೆ ಅಳು ಬಂತು. ಭಾವನಾಗೂ ಬಂತು. ತಾಯಿ ಮಗಳು ಗೇಟಿನ ಕಂಬಕ್ಕೆ ಒರಗಿ, ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು.

ಒಳಗೆ ಯೋಗೀಶನಿಗೆ ಬೇರೆಯದೇ ಚಿಂತೆ. "ಅಲ್ಲಾ ಡಾಕ್ಟ್ರೇ, ಈ ಟ್ಯಾಂಕಲ್ಲಿ ಇಷ್ಟು ಬಂತು ಅಂದ್ರೆ, ನಮ್ಮನೇ ಟ್ಯಾಂಕಿಗೂ ಇದೇ ಟ್ಯಾಂಕರ್‌ನೋನು ನೀರು ಹಾಕೋದು. ನಾನು ನಿಮಗೆಲ್ಲ ಸಾರು ಬಡಿಸಿದ್ದು..."

"ಕುದಿಸಿದ್ದು ತಾನೇ?"

"ಸಾರು ಕುದಿಸಿದ್ದು. ಮಜ್ಜಿಗೆ?"

ಡೆಂಜಿಲ್ ಕೈಯಲ್ಲಿದ್ದ ಮಜ್ಜಿಗೆ ಲೋಟವನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು. ಯೋಗೀಶ ಫೋನು ತೆಗೆದ. ಸಂಜೆ ಮಾತಾಡಿಸಲು ಬರುವ ಕನ್ನಡ ಬಳಗದವರಿಗೆಲ್ಲ ಒಂದು ಸಾಲು ಹೋಯಿತು.

ಐದೂವರೆಯ ಹೊತ್ತಿಗೆ ಹೊಸ್ತಿಲಾಚೆ ಚಪ್ಪಲಿಗಳ ಸಾಲು ಬೆಳೆದಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಸಾಲು. ಸ್ಪ್ರಿಂಗ್ ವ್ಯಾಲಿ ಬಡಾವಣೆಯಿಂದ ಬಂದ ಸೋಡಾ ಬಾಟ್ಲಿ, ತಟ್ಟೆ ಮುಚ್ಚಿದ ಸ್ಟೀಲ್ ಚೊಂಬು, ಯಾರದೋ ಮಗುವಿನ ಹಾಲಿನ ಬಾಟ್ಲಿ, ಹಗ್ಗ ಕಟ್ಟಿದ ಜಾಮ್ ಸೀಸೆ. ನಿರುಪಮಾ ಮಣೆಯ ಮೇಲೆ ಕುಳಿತು ಒಂದೊಂದಕ್ಕೂ ಚೀಟಿ ಅಂಟಿಸುತ್ತಿದ್ದರು.

ಬ್ಯಾಂಕಿನ ಗೋಪಿನಾಥ್ ಮೆಟ್ಟಿಲು ಹತ್ತಿ ಬಂದರು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು ಮುಖದಲ್ಲಿ ಸಿದ್ಧವಾಗಿತ್ತು. ಬಾಟ್ಲಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ಎರಡೂ ಕೈ ಜೋಡಿಸಿದರು.

"ಎಲ್ಲಿ, ನಿಮ್ಮ ಟ್ಯಾಂಕಿನ ನೀರು?" ಎಂದರು ನಿರುಪಮಾ, ಪೆನ್ನು ಹಿಡಿದು. "ಎಷ್ಟು ಗಂಟೆಗೆ ಹಿಡಿದಿದ್ದು?"

ಗೋಪಿನಾಥ್ ಜೋಡಿಸಿದ ಕೈಗಳನ್ನು ಬಿಡಿಸಿ, ಗಡಿಯಾರ ನೋಡಿಕೊಂಡರು.